ಜಗಲಿಯ ಮೇಲೆ ಬೆಂದ ಔಷಧ

ಎಲ್ಲ ತಿಳಿದವರಂತೆ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರಲ್ಲಿ ಬಸವನ ಬಾಗೇವಾಡಿಯ ನಮ್ಮ ಸೋದರಮಾವನೇ ಮೊದಲಿಗ.

ನನ್ನ ಅಣ್ಣನ ರಕ್ತದಲ್ಲಿ ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಹೆಚ್ಚು. ಅದು ಅಪ್ಪನಿಂದ ಬಂದದ್ದು. ಎದೆನೋವಿನಿಂದ ಹೋದಾಗ ಅಪ್ಪನ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಅಣ್ಣನಿಗೆ ಮಾತ್ರೆ ಸಾಲದೆ ವಿಜಯಪುರದ ಡಾಕ್ಟರು ಹೊಸ ಇಂಜೆಕ್ಷನ್ ಬರೆದರು. ರಕ್ತದ ಕೊಬ್ಬನ್ನು ಹಿಡಿದೆಳೆಯಲು ಲಿವರಿಗೆ ಕೊಕ್ಕೆಗಳಿವೆಯಂತೆ. ಅವನ್ನು ಮುರಿಯುವ ಒಂದು ಪ್ರೋಟೀನೂ ಇದೆಯಂತೆ. ಈ ಔಷಧ ಆ ಪ್ರೋಟೀನಿನ ಕೈ ಕಟ್ಟುತ್ತದೆ. ಐಸ್ ಡಬ್ಬಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನಮ್ಮೂರು ಇಂಡಿಗೆ ತಂದು ಫ್ರಿಜ್ಜಿನಲ್ಲಿಟ್ಟೆ.

ಆಗ ಮಾವ ನಮ್ಮಲ್ಲೇ ಇದ್ದ. "ಒಣಾ ಕಟಗಿ ಹಂಗ ಅದಾನ, ಇವಗೆಲ್ಲಿಂದ ಕೊಬ್ಬು ಬಂತು? ಡಾಕ್ಟರ್ ನಿಮಗ ಟೋಪಿ ಹಾಕ್ಯಾನ" ಎಂದ. ಅಜ್ಞಾನಕ್ಕೆ ಎಷ್ಟು ಗತ್ತು ನೋಡಿ.

ಇಂಜೆಕ್ಷನ್ ಕೊಡಿಸಿ ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಕೊಲೆಸ್ಟ್ರಾಲ್ ಇದ್ದಲ್ಲೇ ಇತ್ತು. "ಸಾಕವ್ವ ತಂಗಿ, ಇನ್ನ ಬ್ಯಾಡ. ಅಪ್ಪನ ದಾರೀನ ನಂದೂ" ಎಂದ ಅಣ್ಣ. ಮಾವ ಮುದ್ದೇಬಿಹಾಳದ ಬೀಗರವರೆಗೂ ಸುದ್ದಿ ಮುಟ್ಟಿಸಿ ಬಂದು, ನಮ್ಮೆದುರೇ ಹೇಳಿದ: "ದೇವರ ಜಗಲಿ ಮ್ಯಾಲಿಟ್ಟು ದೀಪಾ ಹಚ್ಚಿದ್ದೆ, ಮುಂಜಾನಿಂದ ಸಂಜಿತನಕ. ಅದಕ್ಕೂ ಗುಣಾ ಬರಲಿಲ್ಲಂದ್ರ ಎಂಥಾ ಔಷಧ ಅದು?"

ನಮ್ಮ ಕಡೆ ಸೀರೆ, ಬಿತ್ತನೆ ಬೀಜ, ಮೊಬೈಲು, ಹೊಸದೇನು ಬಂದರೂ ಮೊದಲು ದೇವರ ಮೂರ್ತಿಗಳಿರುವ ಜಗಲಿಯ ಮೇಲಿಟ್ಟು ಪೂಜೆ. ಆದರೆ ಬೇಸಿಗೆ, ತಗಡಿನ ಮಾಡು, ಮಗ್ಗುಲಲ್ಲೇ ಉರಿಯುವ ದೀಪ! ನಾನು ಪಾಠ ಮಾಡಲು ಶಾಲೆಗೆ ಹೋದಾಗ ಈ ಮಹಾಶಯ ತಣ್ಣಗಿರಬೇಕಾದ ಔಷಧವನ್ನು ಬೇಯಿಸಿ, ಸದ್ದಿಲ್ಲದೆ ಮತ್ತೆ ಫ್ರಿಜ್ಜಿನಲ್ಲಿಟ್ಟಿದ್ದ.

"ಔಷಧ ಕೆಡಿಸಿದಿ. ಇನ್ನ ಅಣ್ಣನ ತಿಥಿ ಊಟಾನೂ ನೀನ ಬಡಸ್ತಿ ಏನು ಮಾವ?" ಎಂದೆ. ಮಾವ ಅಡಕೆ ಅಗಿಯುತ್ತ ಕೂತ. ಅಣ್ಣ, "ಹಂಗಾರ ಇನ್ನೊಮ್ಮಿ ನೋಡೂಣು" ಎಂದ.

ಈ ಸಲ ಹೊಸದನ್ನು ತಂದಿಟ್ಟು ಫ್ರಿಜ್ಜಿಗೆ ಬೀಗ ಹಾಕಿದೆ. ಇಂಜೆಕ್ಷನ್ ಕೊಟ್ಟಾದ ಮೇಲೆ ಮಾವನ ಸಮಾಧಾನಕ್ಕೆಂದು ಅದರ ಖಾಲಿ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟೆ. ಮುಂದಿನ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಅರ್ಧಕ್ಕಿಳಿದಿತ್ತು.

ಮೊನ್ನೆ ಸಿಂದಗಿಯ ಮದುವೆಯಲ್ಲಿ ಮಾವ ಪಕ್ಕದವರಿಗೆ ಹೇಳುತ್ತಿದ್ದ: "ಡಾಕ್ಟರ್ ಏನ್ ಮಾಡ್ತಾನ್ರಿ? ನಾ ಜಗಲಿ ಮ್ಯಾಲ ಇಟ್ಟಿದ್ದಕ್ಕ ಇಳೀತು." ಚೆನ್ನಾಗಿ ಝಾಡಿಸಲು ಬಾಯಿ ತೆರೆದೆ. ಎದುರು ಪಂಕ್ತಿಯಲ್ಲಿ ಅಪ್ಪ ಹೋದ ವಯಸ್ಸನ್ನು ದಾಟಿದ ನನ್ನ ಅಣ್ಣ, ಬಡಿಸುವವನೊಡನೆ ನಗುತ್ತ ಕೂತಿದ್ದ. ಬಾಯಿ ಮುಚ್ಚಿಕೊಂಡೆ.