ದೊಡ್ಡ ಡಾಕ್ಟರ ಬೆನ್ನು

ಅರವತ್ತರ ದಶಕದ ಮಾತು. ವಿಜಾಪುರದ ದವಾಖಾನೆಯೊಂದರಲ್ಲಿ ನಾನು ಹೊಸ ಸರ್ಜನ್. ತಿಕೋಟಾದ ರೋಗಿಯೊಬ್ಬ ಆಪರೇಷನ್ ಮೇಜಿನ ಮೇಲೆಯೇ ತೀರಿಕೊಂಡ ಮೇಲೆ ಮತ್ತೆ ಚಾಕು ಹಿಡಿಯುವ ಧೈರ್ಯವೇ ಆಗಲಿಲ್ಲ. ರಾಜೀನಾಮೆ ಬರೆದು ಒಯ್ದೆ. ನಮ್ಮ ದೊಡ್ಡ ಡಾಕ್ಟರು ಅದನ್ನು ಓದಲೇ ಇಲ್ಲ. ಅಂಗಿ ಬಿಚ್ಚಿ ಬೋರಲು ಮಲಗಿದರು. ಬೆನ್ನ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಎರಡು ಕೊಬ್ಬಿನ ಗಂಟು.

“ಎಡಗಡೀದು ತಗಿಯೋ ತಮ್ಮಾ.”

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಯ್ಯತೊಡಗಿದೆ. ಕೆಳಗಿಂದಲೇ ಉಪದೇಶ: “ಇನ್ನಷ್ಟು ಆಳಕ್ಕ ಹೋಗು! ಅಂಜಬ್ಯಾಡ!”

ತಲೆ ಕೆಟ್ಟುಹೋಯಿತು. “ಸುಮ್ಮನ ಬೀಳ್ರಿ ಸರ್! ಇಲ್ಲಿ ಡಾಕ್ಟರ್ ನಾನದೇನಿ!”

ಹೊಲಿಗೆ ಹಾಕುವಾಗ ಪಕ್ಕದಲ್ಲಿ ಮೂರು ಹಳೆಯ ಕಲೆ ಕಂಡವು. “ಇಲ್ಲಿ ಯಾರು ಕೊಯ್ದಾರ್ರಿ?”

“ನಿನಗಿಂತ ಮೊದಲ ರಾಜೀನಾಮೆ ತಂದವ್ರು. ಮೂವರೂ ಈಗ ದೊಡ್ಡ ಸರ್ಜನ್ ಆಗ್ಯಾರ.”

ನನಗೆ ಹುರುಪು ಬಂದುಬಿಟ್ಟಿತ್ತು. “ಬಲಗಡೀದೂ ತಗದುಬಿಡ್ಲೇನ್ರಿ?”

“ಅದನ್ನ ಮುಟ್ಟಬ್ಯಾಡ. ಮುಂದಿನ ತಿಂಗಳು ಇನ್ನೊಬ್ಬ ಹೊಸಬ ಬರಾಂವ ಅದಾನ.”