ಗೋಡೆಗೆ ಮುಖ ಮಾಡಿ ಉಂಡವಳು

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಯಾರ ಮನೆಯಲ್ಲಿ ಏನು ಬೇಯುತ್ತದೆ, ಯಾರು ಎಷ್ಟು ಉಣ್ಣುತ್ತಾರೆ ಎಂಬುದೆಲ್ಲ ಗೊತ್ತಿರುತ್ತದೆ. ಮಧ್ಯಾಹ್ನ ಶೆಡ್ಡಿನ ನೆರಳಿಗೆ ದುಂಡಗೆ ಕೂತು ಬುತ್ತಿ ಬಿಚ್ಚಿದರೆಂದರೆ ಒಬ್ಬಳ ರೊಟ್ಟಿ ಇನ್ನೊಬ್ಬಳ ಕೈಗೆ, ಅವಳ ಪಲ್ಯ ಮತ್ತೊಬ್ಬಳ ರೊಟ್ಟಿಯ ಮೇಲೆ. ತಾನು ತಂದದ್ದನ್ನು ತಾನೊಬ್ಬಳೇ ಉಂಡು ಎದ್ದವಳು ಆ ಶೆಡ್ಡಿನಲ್ಲಿ ಇರಲಿಲ್ಲ. ಹಾಗಿರುವಾಗ ಅವರೆಲ್ಲರಿಗೂ ಹಿರಿಯಳಾದ ಕರಿಯವ್ವ, ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿಸಿಕೊಂಡು ತಿರುಗಿ ಕೆಲಸಕ್ಕೆ ಬಂದವಳು, ಮೂಲೆಯ ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣತೊಡಗಿದಳೆಂದರೆ ಜನ ಸುಮ್ಮನಿರುತ್ತಾರೆಯೇ?

ಇರಲಿಲ್ಲ. ಡಾಕ್ಟರರು ಅವಳ ಅನ್ನನಾಳವನ್ನು ಕಿತ್ತು ತೆಗೆದು ಅಲ್ಲಿ ರಬ್ಬರ್ ಪೈಪು ಕೂರಿಸಿದ್ದಾರೆ ಎಂದು ಒಬ್ಬಳು ಹೇಳಿದಳು. ಆ ಪೈಪಿನಲ್ಲಿ ಹಾಲಿನ ಹೊರತು ಬೇರೇನೂ ಇಳಿಯುವುದಿಲ್ಲ ಎಂದು ಇನ್ನೊಬ್ಬಳು ಸೇರಿಸಿದಳು. ಖಾರ ಬಿದ್ದರೆ ಪೈಪು ಸುಟ್ಟೇ ಹೋಗುತ್ತದೆ ಎನ್ನುವಲ್ಲಿಗೆ ಸುದ್ದಿ ಪೂರ್ತಿಯಾಯಿತು. ಕರಿಯವ್ವನ ಗಂಡ ಮೈಲಾರೆಪ್ಪ ಅದೇ ಮಾರ್ಕೆಟ್ಟಿನಲ್ಲಿ ಹಮಾಲಿ. ಅವನನ್ನು ಯಾರೋ ನಿಲ್ಲಿಸಿ, ಪೈಪು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಕೇಳಿಯೂ ಬಿಟ್ಟರು. "ಗ್ಯಾರಂಟಿ ಕಾರ್ಡ್ ಮನ್ಯಾಗ ಐತಿ, ನೋಡಿ ಹೇಳ್ತೀನಿ" ಎಂದು ಅವನು ನಕ್ಕು ಚೀಲ ಹೊತ್ತು ನಡೆದ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ನಗಲಿಲ್ಲ. "ಅನ್ಲಿ ಬಿಡು, ಅವರ ಬಾಯಿ" ಎಂದಳು. ಸುಳ್ಳನ್ನು ತಿದ್ದಬೇಕೆಂದರೆ ಎಲ್ಲರೆದುರು ಉಣ್ಣಬೇಕಿತ್ತು. ಅವಳಿಗೆ ಬೇಡವಾದದ್ದು ಅದೊಂದೇ.

ಕರಿಯವ್ವ ಕುಪ್ಪೇಲೂರಿನಿಂದ ಬ್ಯಾಡಗಿಗೆ ಸೊಸೆಯಾಗಿ ಬಂದವಳು. ಬಂದ ವರ್ಷವೇ ಮೆಣಸಿನಕಾಯಿ ರಾಶಿಯ ಮುಂದೆ ಕೂತವಳು ಮತ್ತೆ ಏಳಲಿಲ್ಲ ಎಂದರೂ ನಡೆಯುತ್ತದೆ. ಸುಗ್ಗಿಯಲ್ಲಿ ಆ ಊರಿನ ಗಾಳಿಯೇ ಕೆಂಪು. ಹೊಸಬರು ಸೀನಿ ಸೀನಿ ಸುಸ್ತಾಗುತ್ತಾರೆ, ಕೆಮ್ಮುತ್ತಾರೆ, ಕಣ್ಣೀರು ಸುರಿಸುತ್ತಾರೆ. ಅವರಿಗೆಲ್ಲ ಅಲ್ಲಿ ಒಂದೇ ಮದ್ದು. "ಬಾಯಾಗ ಎಲಿ ತಂಬಾಕ ಇಟ್ಕೋ, ಘಾಟು ಗಂಟಲಕ್ಕ ಇಳ್ಯಂಗಿಲ್ಲ." ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಅತ್ತೆ ಸೊಸೆಗೆ, ಸೊಸೆ ಪಕ್ಕದವಳಿಗೆ ಹೇಳುತ್ತ ಬಂದು, ಎಲೆ, ಅಡಿಕೆ, ಸುಣ್ಣ, ತಂಬಾಕಿನ ಉಂಡೆ ದವಡೆಗೆ ಒತ್ತಿಕೊಳ್ಳದೆ ರಾಶಿಯ ಮುಂದೆ ಕೂರುವುದೇ ಇಲ್ಲ ಎನ್ನುವಂತಾಗಿತ್ತು. ಘಾಟು ಇಳಿಯುತ್ತಿತ್ತೋ ಬಿಡುತ್ತಿತ್ತೋ, ತಂಬಾಕಿನ ರಸವಂತೂ ದಿನವಿಡೀ ಇಳಿಯುತ್ತಿತ್ತು. ಅದರ ಮೇಲೆ ಕುದಿಕುದಿ ಚಹಾ. ಕರಿಯವ್ವನ ಎಲೆಸಂಚಿ ಎಲ್ಲರಿಗೂ ತೆರೆದಿರುತ್ತಿತ್ತು, ಕೇಳಿದವರಿಗೆ ಇಲ್ಲವೆಂದವಳಲ್ಲ.

ಹೀಗಾಗಿ ಒಂದು ದಿನ ರೊಟ್ಟಿಯ ತುತ್ತು ಎದೆಯ ನಡುವೆ ಸಿಕ್ಕಿಕೊಂಡಾಗ ಅವಳು ಬೈದದ್ದು ಮೆಣಸಿನಕಾಯಿಯನ್ನು. ಘಾಟು ಹತ್ತಿದೆ ಎಂದು ಬೆಲ್ಲ ತುಪ್ಪ ನೆಕ್ಕಿದಳು. ರೊಟ್ಟಿ ಬಿಟ್ಟು ಅನ್ನಕ್ಕೆ ಬಂದಳು, ಅನ್ನ ಬಿಟ್ಟು ಗಂಜಿಗೆ. ನುಂಗಿದ ನೀರೂ ತಿರುಗಿ ಬಂದ ದಿನ ಮೈಲಾರೆಪ್ಪ ಅವಳನ್ನು ಹೆಚ್ಚೂ ಕಡಿಮೆ ಎತ್ತಿಕೊಂಡೇ ಹುಬ್ಬಳ್ಳಿಗೆ ಒಯ್ದ. ಅಲ್ಲಿ ಅನ್ನನಾಳದ ಕ್ಯಾನ್ಸರ್ ಎಂದರು. ಮೊದಲು ಹೊಟ್ಟೆಗೆ ನಳಿಕೆ ಇಟ್ಟು ಗಂಜಿ ಕೊಟ್ಟರು, ಜನ ಕರೆಂಟು ಎನ್ನುವ ವಿಕಿರಣ ಕೊಟ್ಟರು, ಔಷಧಿ ಏರಿಸಿದರು. ಆಪರೇಶನ್ನಿಗೆ ಪುಪ್ಪುಸ ಗಟ್ಟಿಯಾಗಬೇಕೆಂದು ಪ್ಲಾಸ್ಟಿಕ್ ಡಬ್ಬಿಯೊಳಗಿನ ಚೆಂಡುಗಳನ್ನು ಉಸಿರೆಳೆದು ಮೇಲೇರಿಸುವ ಆಟ ಕಲಿಸಿದರು. ಮೊಮ್ಮಕ್ಕಳಾಡುವ ಆಟವನ್ನು ಈ ವಯಸ್ಸಿನಲ್ಲಿ ಆಡಬೇಕಾಯಿತಲ್ಲ ಎಂದು ಅವಳಿಗೆ ಅಳುವೂ ಬಂತು, ನಗುವೂ ಬಂತು. ಕೊನೆಗೆ ಆಪರೇಶನ್ ಆಯಿತು, ಬದುಕಿದಳು.

ಬದುಕಿದಳು, ಆದರೆ ಮೊದಲಿನ ಕರಿಯವ್ವನಾಗಿ ಅಲ್ಲ. ದೊಡ್ಡ ರಾಶಿಯ ಮುಂದೆ ಬಗ್ಗಿ ಕೂತರೆ ಹುಳಿ ನೀರು ಗಂಟಲಿಗೆ ನುಗ್ಗುತ್ತದೆ. ಅದಕ್ಕೇ ಸ್ಟೂಲಿನ ಮೇಲೆ ಕೂತು, ಬುಟ್ಟಿ ತೊಡೆಯ ಮೇಲಿಟ್ಟು ತೊಟ್ಟು ಬಿಡಿಸುತ್ತಾಳೆ. ಮಲಗುವಾಗ ಬೆನ್ನಿಗೆ ದಿಂಬುಗಳ ಗುಡ್ಡೆ ಬೇಕು. ಒಮ್ಮೆಗೆ ಒಂದು ಹಿಡಿ ಉಂಡರೆ ಹೆಚ್ಚು. ದಿನಕ್ಕೆ ಹಲವು ಸಲ ಹಾಗೆ ಚೂರು ಚೂರು. ಒಂದು ತುತ್ತು ಹೆಚ್ಚಾದರೆ ತೇಗು, ಕೆಮ್ಮು, ಬೆವರು. ಹಿಂದೆ ಎಲ್ಲರಿಗಿಂತ ಹೆಚ್ಚು ಉಂಡು, ಎಲ್ಲರಿಗೂ ಒತ್ತಾಯ ಮಾಡಿ ಬಡಿಸುತ್ತಿದ್ದವಳಿಗೆ ಇದೇ ನಾಚಿಕೆ. ಗೋಡೆಗೆ ಮುಖ ಮಾಡಿದ್ದು ಅದಕ್ಕೆ.

ಅವಳನ್ನು ಹುಡುಕಿಕೊಂಡು ಆ ಶೆಡ್ಡಿಗೆ ಬರುತ್ತಿದ್ದವರು ಸಲ್ಮಾ ಡಾಕ್ಟರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವರದೊಂದು ಸಂಶೋಧನೆ ನಡೆದಿತ್ತು. ಅನ್ನನಾಳದ ಕ್ಯಾನ್ಸರ್ ಯಾರಿಗೆ ಬರುತ್ತದೆ, ಅವರು ಬಾಯಲ್ಲಿ ಏನಿಟ್ಟುಕೊಳ್ಳುತ್ತಿದ್ದರು, ಎಷ್ಟು ತಡವಾಗಿ ಬಂದರು, ಆಪರೇಶನ್ ಆದ ಮೇಲೆ ಹೇಗೆ ಬದುಕಿದ್ದಾರೆ ಎಂದು ಕೇಳಿ ತಿಳಿಯುವುದು. ಬೆಳಗಾವಿ ಕಡೆಯ ಹೆಣ್ಣುಮಗಳು, ನೆಲಕ್ಕೆ ಕೂತೇ ಮಾತಾಡುವಾಕೆ. ಆದರೂ ಹೆಂಗಸರು ಅವರೆದುರು ಹಸಿಹಸಿ ಸುಳ್ಳು ಹೇಳುತ್ತಿದ್ದರು. ದವಡೆ ಉಬ್ಬಿಸಿಕೊಂಡೇ "ನಾವೇನ ತಂಬಾಕ ತಿನ್ನಂಗಿಲ್ರಿ ಡಾಕ್ಟರ ಬಾಯಾರ" ಎನ್ನುವರು. ಸಲ್ಮಾ ಸಿಟ್ಟಾಗುತ್ತಿರಲಿಲ್ಲ. "ಹಂಗಾರ ಉಗುಳಿ ಬಂದು ಇನ್ನೊಮ್ಮೆ ಹೇಳ್ರಿ" ಎನ್ನುತ್ತಿದ್ದರು.

ಕರಿಯವ್ವನ ಗೋಡೆಯ ಪಕ್ಕದಲ್ಲೇ ಕುಡಿಯುವ ನೀರಿನ ಬ್ಯಾರಲ್ ಇತ್ತು. ಚೈತ್ರದ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ದೇವವ್ವ ಊಟದ ನಡುವೆಯೇ ಎದ್ದು ಅಲ್ಲಿಗೆ ಬಂದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿರುವ ಈ ದೇವವ್ವ ಕರಿಯವ್ವನ ಪಕ್ಕದಲ್ಲೇ ಕೂತು ಕೆಲಸ ಕಲಿತವಳು, ಎಲೆ ತಂಬಾಕೂ ಅಲ್ಲೇ ಕಲಿತವಳು. ನೀರು ತುಂಬಿಕೊಂಡಳು, ಎದೆಯ ನಡುವೆ ಅಂಗೈ ಒತ್ತಿ ಹಿಡಿದಳು, ಗಟಗಟ ಕುಡಿದಳು, ಕಣ್ಣು ಮುಚ್ಚಿ ಕಾದಳು. ಆಮೇಲೆ ಏನೂ ಆಗದವಳ ಹಾಗೆ ನಡೆದುಹೋದಳು. ಮರುದಿನವೂ ಹಾಗೇ. ಕರಿಯವ್ವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆ ಅಂಗೈಯನ್ನು ಅವಳು ಬಲ್ಲಳು. ತಾನೂ ಅದೇ ಜಾಗದಲ್ಲಿ ಒತ್ತಿ ಹಿಡಿದಿದ್ದಳು.

"ದೇವವ್ವ, ರೊಟ್ಟಿ ಎದ್ಯಾಗ ಸಿಗಾಕತ್ತೈತೇನ?" ಎಂದು ನೇರವಾಗಿ ಕೇಳಿದಳು.

"ಇಲ್ಲ ಯಕ್ಕಾ, ಘಾಟು."

"ನಾನೂ ಘಾಟು ಅಂತಿದ್ದೆ. ಹಾವೇರಿ ದವಾಖಾನಿಗೆ ಹೋಗಿ ತೋರಿಸ್ಕೊಂಡು ಬರೂಣು ನಡಿ."

ದೇವವ್ವನಿಗೆ ರೇಗಿತು. "ಯಾಕ? ನಿನ್ನಂಗ ಪೈಪ್ ಹಾಕಿಸ್ಕೊಂಡು ಗ್ವಾಡಿಗೆ ಮಾರಿ ಮಾಡಿ ಕುಂದ್ರಾಕ? ನನ್ನ ತಮ್ಮನ ಹೇಂತಿ ಹಾಲು ಕಾಸಿ ಕಾಸಿ ಕೊಡ್ತಾಳಂತ ಮಾಡಿ ಏನ? ಅದಕ್ಕಿಂತ ಸಾಯೂದ ಪಾಡು ಯಕ್ಕಾ."

ಹೇಳಿದ ಮೇಲೆ ದೇವವ್ವನಿಗೇ ಕೆಡುಕೆನಿಸಿತು. ಆದರೆ ಮಾತು ಆಡಿಯಾಗಿತ್ತು. ಕರಿಯವ್ವನಿಗೆ ಸಿಟ್ಟು ಬರಲಿಲ್ಲ, ಭಯವಾಯಿತು. ಇಷ್ಟು ದಿನ ತಾನು ಸುಮ್ಮನೆ ಬಿಟ್ಟ ಸುಳ್ಳು ಈಗ ಇವಳ ಕೊರಳಿಗೆ ಬಂದಿತ್ತು.

ಸಲ್ಮಾ ಡಾಕ್ಟರು ಬಂದಾಗ ಕರಿಯವ್ವ ಅವರಿಗೆ ಹೇಳಿದಳು. ಅವರು ದೇವವ್ವನನ್ನು ಕರೆದು ಮಾತಾಡಿಸಿ ನೋಡಿದರು. ದೇವವ್ವ ತಲೆಯನ್ನೇ ಎತ್ತಲಿಲ್ಲ. ತನಗೇನೂ ಆಗಿಲ್ಲವೆಂದು ತೊಟ್ಟು ಮುರಿಯುತ್ತಲೇ ಇದ್ದಳು. ಹೊರಡುವಾಗ ಸಲ್ಮಾ ಬೇಸರದಿಂದ ಹೇಳಿದರು:

"ಯವ್ವಾ, ನಾ ಕೇಳಿದ ಮಂದಿಯೊಳಗ ಭಾಳ ಜನ ನಿಮ್ಮಂಗ ನೀರೂ ಇಳೀಲಾರದ ಹೊತ್ತಿಗೆ ಬಂದವರು. ಎಲ್ಲಾರೂ ನಿಮ್ಮಂಗ ಉಳೀಲಿಲ್ಲ. ರೊಟ್ಟಿ ಎದ್ಯಾಗ ಸಿಗೂವಾಗ ಬಂದವರು ಚಲೋ ಇದ್ದಾರ. ಇದನ್ನ ಆಕಿಗೆ ನಾ ಹ್ಯಾಂಗ ತಿಳಿಸಿ ಹೇಳ್ಲಿ? ನನ್ನ ಮಾತಿನ ಮ್ಯಾಲೆ ಆಕಿಗೆ ನಂಬಿಕಿ ಇಲ್ಲ."

ಕರಿಯವ್ವ ಅದನ್ನೇ ಯೋಚಿಸುತ್ತ ತೊಟ್ಟು ಬಿಡಿಸಿದಳು. ಮಾತಿನ ಮೇಲೆ ನಂಬಿಕೆ ಇಲ್ಲದವಳಿಗೆ ಇನ್ನಷ್ಟು ಮಾತು ಹೇಳಿ ಏನು ಪ್ರಯೋಜನ?

ಮರುದಿನ ಮಧ್ಯಾಹ್ನ ಹೆಂಗಸರು ದುಂಡಗೆ ಕೂತಿದ್ದಾಗ ಅವಳು ತನ್ನ ಸ್ಟೂಲು ಎಳೆದುಕೊಂಡು ಬಂದು ದೇವವ್ವನ ಎದುರಿಗೇ ಕೂತಳು. ಬುತ್ತಿ ಬಿಚ್ಚಿದಳು. ಸಾರಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಅಂಚಿಗೆ ಚೂರು ಕೆಂಪು ಚಟ್ನಿ. ಚಟ್ನಿ ಕಂಡು ಯಾರೋ "ಯವ್ವಾ, ಖಾರ!" ಎಂದರು. ಪಕ್ಕದಲ್ಲಿ ಕೂತಿದ್ದ ಮಂಗಳವ್ವನ ಕೈ ಹಳೆಯ ಅಭ್ಯಾಸದಿಂದ ತನ್ನ ರೊಟ್ಟಿಯನ್ನು ಅವಳ ಬುತ್ತಿಗೆ ಹಾಕಲು ಹೋಗಿ ಅರ್ಧಕ್ಕೇ ನಿಂತಿತು.

ಕರಿಯವ್ವ ತುತ್ತು ಮುರಿದು ಚಟ್ನಿ ಹಚ್ಚಿ ಬಾಯಿಗಿಟ್ಟಳು. ಅಗಿದಳು, ಅಗಿದಳು, ನುಂಗಿದಳು. ಆಗ ದೇವವ್ವನ ಕೈ ಹಿಡಿದೆಳೆದು ತನ್ನ ಕುತ್ತಿಗೆಯ ಬುಡದ ಹಳೆಯ ಹೊಲಿಗೆಯ ಕಲೆಯ ಮೇಲೆ ಇಟ್ಟುಕೊಂಡಳು.

"ಇಲ್ಲೆ ಹೊಲದಾರ. ಪೈಪ್ ಅಲ್ಲಬೇ, ನನ್ನ ಹೊಟ್ಟೀನ ಮ್ಯಾಲಕ್ಕ ಎಳದು ಇಲ್ಲೆ ಜೋಡಿಸ್ಯಾರ. ನನ್ನವ್ವ ಕೊಟ್ಟ ಹೊಟ್ಟಿ. ಹಾಲೂ ಇಳೀತೈತಿ, ಖಾರನೂ ಇಳೀತೈತಿ. ಕೈ ತಗೀಬ್ಯಾಡ, ನೋಡು."

ಇನ್ನೊಂದು ತುತ್ತು ನುಂಗಿದಳು. ದೇವವ್ವನ ಬೆರಳ ಕೆಳಗೆ ಏನೋ ಜಾರಿ ಇಳಿಯಿತು. ಮೂರನೆಯದಕ್ಕೆ ಕರಿಯವ್ವನಿಗೆ ಕೆಮ್ಮು ಬಂತು, ಮುಖ ಕೆಂಪೇರಿತು, ದೊಡ್ಡದಾಗಿ ತೇಗಿದಳು. ಎದ್ದು ಕಂಬ ಹಿಡಿದು ನಿಂತಳು. ಎಲ್ಲರೂ ನೋಡಿದರು. ನಾಚಿಕೆಯಿಂದ ಅವಳ ಕಣ್ಣು ತುಂಬಿದವು. ಆದರೂ ಗೋಡೆಯ ಕಡೆ ಹೋಗಲಿಲ್ಲ. ಸುಧಾರಿಸಿಕೊಂಡು ಮತ್ತೆ ಬಂದು ಅಲ್ಲೇ ಕೂತಳು.

"ಇಷ್ಟ ನೋಡು ನನ್ನ ಬಾಳೇವು" ಎಂದಳು. "ಸುಳ್ಳು ಹೇಳಂಗಿಲ್ಲ, ತ್ರಾಸ ಐತಿ. ನಾ ನೀರು ನಿಂತ ಮ್ಯಾಲೆ ಹೋದಾಕಿ. ನೀ ಇನ್ನೂ ರೊಟ್ಟಿಯಾಗ ಅದಿ."

ದೇವವ್ವ ಊಟ ಮುಗಿಸದೆ ಎದ್ದಳು. ಕರಿಯವ್ವ ಮನೆಗೆ ಹೋಗಿ ಮೈಲಾರೆಪ್ಪನೆದುರು ಕೂತು ಅತ್ತಳು. ಎಲ್ಲರೆದುರು ಮರ್ಯಾದೆ ಕಳೆದುಕೊಂಡದ್ದಷ್ಟೇ ಬಂತು, ದೇವವ್ವ ಒಪ್ಪಲಿಲ್ಲ ಎಂದಳು. ಸಮಾಧಾನ ಹೇಳಲು ಬಾರದ ಮೈಲಾರೆಪ್ಪ ಚಹಾ ಮಾಡಿ, ಆರಿಸಿ ತಂದುಕೊಟ್ಟ.

ಬೆಳಗ್ಗೆ ಅಂಗಳ ಗುಡಿಸುವ ಹೊತ್ತಿಗೆ ದೇವವ್ವ ಮಡಿ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. "ಹಾವೇರಿ ಬಸ್ಸು ಎಷ್ಟೊತ್ತಿಗೆ ಐತಿ?" ಎಂದಷ್ಟೇ ಕೇಳಿದಳು.

ಹಾವೇರಿಯಲ್ಲಿ ಬಾಯಿಂದ ಕ್ಯಾಮೆರಾದ ನಳಿಕೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಫಲಿತಾಂಶ ಬಂದ ದಿನ ಇಬ್ಬರೂ ಮತ್ತೆ ಹೋದರು. ಅಲ್ಲಿನ ಡಾಕ್ಟರು ಮರೆಮಾಚದೆ ಹೇಳಿದರು: ಅದೇ ಕಾಯಿಲೆ. ಆದರೆ ಸಣ್ಣದಿದೆ, ಆಚೆ ಹಬ್ಬಿದಂತೆ ಕಾಣುವುದಿಲ್ಲ. ಹುಬ್ಬಳ್ಳಿಗೆ ಹೋಗಿ ಆಪರೇಶನ್ ಮಾಡಿಸಿಕೊಂಡರೆ ಒಳ್ಳೆಯದಾಗುವ ಭರವಸೆ ಇದೆ, ತಂಬಾಕು ಇವತ್ತೇ ಬಿಡಬೇಕು. ಕೇಳಿಸಿಕೊಂಡ ದೇವವ್ವ ಎದ್ದು ಹೊರಗೆ ಬಂದು ಬೇವಿನ ಕೆಳಗಿನ ಕಟ್ಟೆಯ ಮೇಲೆ ಕೂತಳು. ಕರಿಯವ್ವ ಪಕ್ಕದಲ್ಲಿ ಕೂತಳು. ಅಳಬೇಡ ಎನ್ನಲಿಲ್ಲ.

ಅತ್ತು ಮುಗಿಸಿ ದೇವವ್ವ ಹೇಳಿದಳು: "ಯಕ್ಕಾ, ಸಾಯೂದಕ್ಕ ನಾ ಅಷ್ಟ ಅಂಜಂಗಿಲ್ಲ. ಉಣ್ಣಾಕ ಕುಂತಾಗ ಎಲ್ಲಾರೂ ಬಾಯಿ ನೋಡ್ತಾರಲ್ಲ, ಅದಕ್ಕ ಅಂಜಿಕಿ."

"ನೋಡ್ತಾರ. ನನ್ನೂ ನೋಡಿದ್ರಲ್ಲ. ನಾಕ ದಿನ ನೋಡಿದ್ರು, ಆಮ್ಯಾಲೆ ಬ್ಯಾಸರಾಗಿ ತಮ್ಮ ತಮ್ಮ ರೊಟ್ಟಿ ನೋಡ್ಕೊಂಡ್ರು." ಕರಿಯವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು. "ನೀ ನನ್ನ ಮಗ್ಗಲಕ್ಕ ಕುಂದ್ರು. ಇಬ್ಬರಿಗೂ ಕೂಡಿ ಒಂದ ರೊಟ್ಟಿ ಸಾಕು."

ದೇವವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದನ್ನ ಬಡಿಯಾಕಿ ಯಾರು?"

"ನೀನ ಬಡಿ. ನಾ ಹಿರಿಯಾಕಿ ಅಲ್ಲೇನು?"

ದೇವವ್ವ ಎದ್ದು ಒಳಗೆ ಹೋಗಿ, ಹುಬ್ಬಳ್ಳಿಗೆ ಯಾವತ್ತು ಹೋಗಬೇಕು ಎಂದು ಡಾಕ್ಟರನ್ನು ತಾನೇ ಕೇಳಿದಳು.