ಕೆಂಪು ಪೆನ್ನಿನ ಕ್ಯಾಪು

ವಿಜಯನಗರದ ನಮ್ಮ ಕಾಲೇಜಿನ ಇಂಗ್ಲಿಷ್ ಮೇಡಂಗೆ ತಪ್ಪು ಹುಡುಕುವುದಷ್ಟೇ ಗೊತ್ತಿತ್ತು ಎಂದು ಗೆಳತಿಯರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ‘ಡಿಸ್ಕಸ್ ಅಬೌಟ್’ ಎಂದರೆ ಸಾಕು, ಕೆಂಪು ಪೆನ್ನು ಎತ್ತಿ, “ನಿಲ್ಸೇ, ಆ ಅಬೌಟ್‌ನ ಯಾರೇ ಕರೆದಿದ್ದು?” ಎನ್ನುತ್ತಿದ್ದರು, ನಿಜ. ಆದರೆ ದಿನಕ್ಕೊಮ್ಮೆ ಆ ಪೆನ್ನಿಗೆ ಕ್ಯಾಪು ಹಾಕುತ್ತಿದ್ದರು. ಆಗ ಎಷ್ಟು ತಪ್ಪಾದರೂ ತಡೆಯಿಲ್ಲದೆ ಮಾತಾಡಬಹುದಿತ್ತು.

ಕಾಲೇಜಿನ ಡಿಬೇಟ್ ಫೈನಲ್‌ನಲ್ಲಿ ನಾನು ತಪ್ಪು ಇಂಗ್ಲಿಷ್ ಮಾತಾಡಿದೆ. ಸಭೆ ನಕ್ಕಿತು, ನನ್ನ ಮಾತು ನಿಂತಿತು. ಸೋತೆನೆಂದುಕೊಂಡು ಮುಂದಿನ ಸಾಲಿನಲ್ಲಿದ್ದ ಮೇಡಂ ಕಡೆ ನೋಡಿದೆ. ಅವರು ಕೆಂಪು ಪೆನ್ನನ್ನು ಎತ್ತಿ ಹಿಡಿದು ನಿಧಾನವಾಗಿ ಕ್ಯಾಪು ಹಾಕಿದರು. ಎದೆ ಹಗುರಾಯಿತು. ವಾದ ಮುಗಿಸಿಯೇ ಕೆಳಗಿಳಿದೆ.

ಮೇಡಂ, ತಿದ್ದಲು ಒಂದು ಹಾಳೆಯೂ ಇಲ್ಲದ ಆ ಸಭೆಗೆ ನೀವು ಪೆನ್ನು ತಂದಿದ್ದಾದರೂ ಏಕೆ?